ಮೋಲ್ಡಿನ ದಿನದ ಊಟ

ಮೇಷ್ಟ್ರು ಹೋಗಿಬಿಟ್ಟರು ಎಂದು ಫೋನ್ ಬಂದಾಗ ನನಗೆ ಮೊದಲು ಹೊಳೆದದ್ದು ಹೇಳಬಾರದ ಒಂದು ತಮಾಷೆ. ಹೋಗುವ ಮುಂಚೆ ಒಂದು ಸಲ ಹಿಂದಕ್ಕೆ ಬಂದು ಗೇಟಿನ ಚಿಲಕ ಎಳೆದು ನೋಡಿಯೇ ಹೋಗಿರುತ್ತಾರೆ ಅಂದುಕೊಂಡೆ. ಅವರ ಮನೆಗೆ ಓಡಿದಾಗ ಅವರ ಹೆಂಡತಿ ಹೇಳಿದ್ದೂ ಅದನ್ನೇ. ಬೆಳಿಗ್ಗೆ ಹಾಲಿಗೆ ಹೊರಟವರು ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು, ಚಿಲಕ ಎಳೆದು ನೋಡಿ, ಹಾಗೇ ಗೇಟಿಗೆ ಒರಗಿ ಕೂತರಂತೆ. ಕೂತವರು ಮತ್ತೆ ಏಳಲಿಲ್ಲ.

ಜಾವಗಲ್ಲಿನ ಹೈಸ್ಕೂಲಿನಲ್ಲಿ ಅವರು ಗಣಿತ, ನಾನು ವಿಜ್ಞಾನ. ಇಬ್ಬರೂ ಅರಸೀಕೆರೆಯಲ್ಲಿ ಒಂದೇ ಬೀದಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆವು. ಬಸ್ಸು ಊರು ಬಿಟ್ಟು ತೆಂಗಿನ ತೋಟಗಳ ಸಾಲು ಶುರುವಾಗುವ ಹೊತ್ತಿಗೆ ಅವರ ಮುಖ ಸಣ್ಣಗಾಗುತ್ತಿತ್ತು. ನನ್ನ ಮೊಣಕೈ ಮುಟ್ಟಿ, "ಚಿಲಕ ಹಾಕಿದ್ದೆ ತಾನೇ ಗೌಡ್ರೆ?" ಎಂದು ಕೇಳುತ್ತಿದ್ದರು. ಅವರ ಮನೆಯ ಚಿಲಕ ನನಗೇನು ಗೊತ್ತು? ಮೊದಮೊದಲು ನಿಜ ಹೇಳುತ್ತಿದ್ದೆ. ಹಾಗೆ ಹೇಳಿದ ದಿನ ಜಾವಗಲ್ ತಲುಪುವವರೆಗೂ ಅವರು ದನ ನುಗ್ಗಿ ಹೂವಿನ ಗಿಡ ಮೇಯುವುದನ್ನೇ ಕಣ್ಣೆದುರಿಗೆ ಕಾಣುತ್ತಾ ಕೂರುತ್ತಿದ್ದರು. ಆಮೇಲಾಮೇಲೆ "ಹಾಕಿದ್ರಿ ಮೇಷ್ಟ್ರೆ, ನಾನೇ ನೋಡಿದೆ" ಅನ್ನುವುದನ್ನು ಕಲಿತೆ. ಅಷ್ಟಕ್ಕೇ ಅವರು ಕಣ್ಣು ಮುಚ್ಚಿ ನಿದ್ದೆ ಹೋಗುತ್ತಿದ್ದರು. ಒಂದು ಸುಳ್ಳಿಗೆ ಅಷ್ಟು ನೆಮ್ಮದಿ ಕೊಡುವ ಶಕ್ತಿ ಇದೆ ಎಂದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ.

ಹಣೆಯ ತುಂಬ ವಿಭೂತಿ, ಬಿಳಿ ಷರ್ಟು, ಬಿರುಬೇಸಗೆಯಲ್ಲೂ ಕಂಕುಳಲ್ಲಿ ಕೊಡೆ. ರೈಲಿಗೆ ಹೋಗಬೇಕೆಂದರೆ ಅದರ ಹಿಂದಿನ ರೈಲು ಹೊರಡುವ ಮೊದಲೇ ಸ್ಟೇಷನ್ನಿನಲ್ಲಿ ಹಾಜರು. ಪರೀಕ್ಷೆ ಮಕ್ಕಳಿಗೆ, ಜ್ವರ ಅವರಿಗೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅವರನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಎದುರಿಗೂ ಆಡಿಕೊಳ್ಳುತ್ತಿದ್ದೆವು. ಅವರು ಅದಕ್ಕೆ ಬೇಜಾರು ಮಾಡಿಕೊಂಡದ್ದಿಲ್ಲ. ನಕ್ಕು, ನಕ್ಕಿದ್ದರಿಂದ ಯಾರಿಗಾದರೂ ಬೇಜಾರಾಯಿತೋ ಏನೋ ಎಂದು ಸಂಜೆ ಬಸ್ಸಿನಲ್ಲಿ ನನ್ನನ್ನು ಕೇಳುತ್ತಿದ್ದರು.

ಬಿಸಿಯೂಟದ ಉಸ್ತುವಾರಿಯನ್ನು ಹೆಡ್‌ಮಾಸ್ಟರು ಅವರಿಗೆ ವಹಿಸಿದ್ದರು. ಬೇರೆ ಮೇಷ್ಟ್ರುಗಳು ಆ ಹೊತ್ತಿನಲ್ಲಿ ಮರದ ಕೆಳಗೆ ಕೂತು ತಮ್ಮ ಡಬ್ಬಿ ಬಿಚ್ಚಿದರೆ, ಇವರು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಪ್ರತಿ ತಟ್ಟೆಯನ್ನೂ ಬಗ್ಗಿ ನೋಡುತ್ತಿದ್ದರು. ಕೊನೆಯಲ್ಲಿ ನಿಂತು, "ಎಲ್ಲರಿಗೂ ಬಂತಲ್ಲ?" ಎಂದು ಕೇಳಬೇಕು. ಮಕ್ಕಳು "ಬಂತು ಸಾರ್" ಅನ್ನಬೇಕು. ಅಲ್ಲಿಯವರೆಗೆ ಒಂದು ಕೈಯೂ ತಟ್ಟೆಗಿಳಿಯುವಂತಿರಲಿಲ್ಲ. ಹಸಿದ ಮಕ್ಕಳು ಬಿಸಿ ಸಾಂಬಾರಿನ ಮೇಲೆ ಕೈ ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಿದ್ದರು. ಜಾವಗಲ್ ಸೀಮೆಯಲ್ಲಿ ಇವತ್ತಿಗೂ ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಧ್ವನಿ ಎಳೆದು ಹಾಗೆ ಕೇಳಿದರೆ, ಕೇಳಿದವರು ನಮ್ಮ ಸ್ಕೂಲಿನವರು ಎಂದು ತಿಳಿಯಬೇಕು.

ಹಳೇಬೀಡಿನ ಪ್ರವಾಸದ ಕಥೆ ಹೇಳದಿದ್ದರೆ ಅವರನ್ನು ಅರ್ಧ ಹೇಳಿದಂತೆ. ಆ ದಿನ ಬೆಳಗಿನಿಂದ ಅವರು ಒಂದು ಶಿಲ್ಪವನ್ನೂ ನೋಡಲಿಲ್ಲ. ದೇವಸ್ಥಾನದ ಪಕ್ಕದ ಕೆರೆಯನ್ನೇ ನೋಡುತ್ತಿದ್ದರು. ಕೆರೆಗೂ ಮಕ್ಕಳಿಗೂ ನಡುವೆ ಕೊಡೆ ಅಡ್ಡ ಹಿಡಿದು ನಿಂತಿದ್ದರು. ಹೊರಡುವಾಗ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು, ಇಳಿಸಿ ಮತ್ತೆ ಎಣಿಸಿದರು. ಲೆಕ್ಕ ಸರಿಯಾಗಿತ್ತು. ಬಸ್ಸು ಅರ್ಧ ದಾರಿ ಬಂದಮೇಲೆ ಹಿಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ ಅಳಲು ಶುರುಮಾಡಿದಳು. ಅವಳು ನಮ್ಮ ಸ್ಕೂಲಿನವಳಲ್ಲ. ಅದೇ ನೀಲಿ ಯೂನಿಫಾರಂ ಹಾಕಿದ ಇನ್ಯಾವುದೋ ಊರಿನವಳು. ಅಂದರೆ ನಮ್ಮವಳೊಬ್ಬಳು ಹಳೇಬೀಡಿನಲ್ಲೇ ಉಳಿದಿದ್ದಳು. ನಾನು ಸೀಟಿನಿಂದ ಸೀಟಿಗೆ ಓಡಿ ಯಾರಿಲ್ಲವೆಂದು ಹುಡುಕತೊಡಗಿದೆ. ಬೆಳಗಿನಿಂದ ನಡುಗುತ್ತಿದ್ದ ಮನುಷ್ಯ ಮಾತ್ರ ಆಗ ಎದ್ದು ನಿಂತು, ಬಸ್ ತಿರುಗಿಸಿ ಎಂದು ಡ್ರೈವರಿಗೆ ಮೆಲ್ಲಗೆ ಹೇಳಿ, ಅಳುತ್ತಿದ್ದವಳ ಪಕ್ಕ ಹೋಗಿ ಕೂತು, ಊಟ ಮಾಡಿದೆಯಾ ಮಗಳೇ ಎಂದು ಕೇಳಿ, ತಮ್ಮ ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನ ತಿನ್ನಿಸಿದರು. ವಾಪಸ್ ಹೋದರೆ ನಮ್ಮವಳು ದೇವಸ್ಥಾನದ ಹುಲ್ಲಿನ ಮೇಲೆ ಆ ಸ್ಕೂಲಿನ ಮೇಡಂ ಜೊತೆ ಕೂತು ಸೌತೆಕಾಯಿ ತಿನ್ನುತ್ತಿದ್ದಳು. ಆವತ್ತು ನನಗೆ ಒಂದು ವಿಷಯ ತಿಳಿಯಿತು. ಅವರು ಹೆದರುತ್ತಿದ್ದದ್ದು ಆಗಬಹುದಾದದ್ದಕ್ಕೆ. ಆಗಿಯೇ ಹೋದದ್ದಕ್ಕೆ ಅವರು ಹೆದರುತ್ತಿರಲಿಲ್ಲ.

ರಿಟೈರ್ ಆದಮೇಲೆ ಅವರು ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಲು ಹೊರಟರು. ಯಾಕೆ ಬೇಕಿತ್ತೋ! ಚಿಲಕ ಒಂದಕ್ಕೇ ಅಷ್ಟು ಒದ್ದಾಡುವವರಿಗೆ ಈಗ ಜಲ್ಲಿ, ಮರಳು, ಸಿಮೆಂಟು, ಕಂಬಿ, ಮಳೆ, ಕರೆಂಟು ಎಲ್ಲವೂ ಒಟ್ಟಿಗೆ ಹೆಗಲೇರಿದವು. ಬೆಳಕು ಹರಿಯುವ ಮೊದಲೇ ಗೋಡೆಗೆ ನೀರು ಹೊಡೆಯುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು.

ಗೋಡೆ ಎದ್ದು, ಸೆಂಟ್ರಿಂಗ್ ಹಲಗೆ ಬಡಿದು, ಕಂಬಿ ಕಟ್ಟಿದ್ದಾಯಿತು. ಇನ್ನು ಮೋಲ್ಡ್ ಹಾಕುವುದು, ಅಂದರೆ ಮೇಲಿನ ತಾರಸಿಗೆ ಕಾಂಕ್ರೀಟ್ ಸುರಿಯುವುದು. ಒಂದೇ ದಿನದಲ್ಲಿ, ನಿಲ್ಲಿಸದೆ ಮುಗಿಸಬೇಕಾದ ಕೆಲಸ. ಕಣಕಟ್ಟೆ ಕಡೆಯ ಒಂದು ಹಳ್ಳಿಯಿಂದ ಲಕ್ಕಮ್ಮನ ಗ್ಯಾಂಗು ಬರುವುದೆಂದು ಮಾತಾಯಿತು. ಲಕ್ಕಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡಸರೂ ಹೆಂಗಸರೂ ಸೇರಿ ಒಂದೇ ಊರಿನ ಜನ ಅವಳ ಮಾತಿನ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದರು. ಮಾತು ಮುಗಿಸಿ ಹೊರಡುವಾಗ ಅವಳು ಊಟದ ವಿಷಯ ತೆಗೆದಳು.

"ಮೋಲ್ಡಿನ ದಿನ ಬಾಡೂಟ ಇದ್ದೇ ಇರ್ತದೆ ಮೇಷ್ಟ್ರೆ. ನಿಮ್ಮಂಥೋರ ಮನೇಲಿ ದುಡ್ಡು ಕೊಟ್ಬುಡ್ತಾರೆ, ನಾವೇ ಎಲ್ಲಾದ್ರೂ ಮಾಡ್ಕತೀವಿ."

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಅದು. ತಾರಸಿ ಹಾಕಿದವರಿಗೆ ಮನೆಯವರು ಮಾಂಸದ ಊಟ ಹಾಕಬೇಕು. ಲಿಂಗಪೂಜೆಯ ಮನೆಯವರಾದರೆ ಲಕ್ಕಮ್ಮ ಹೇಳಿದ ಹಾಗೆ ಕೈಗೆ ಕೊಟ್ಟು ಕಳಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಇವರೂ ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇವರು ಹೂಂ ಅನ್ನಲಿಲ್ಲ. ಮಾರನೆಯ ದಿನ ಸಂಜೆ ಮರಳಿನ ಗುಡ್ಡೆಯ ಮೇಲೆ ನನ್ನನ್ನು ಕೂರಿಸಿಕೊಂಡು, ಊಟವನ್ನು ಇಲ್ಲೇ, ನಮ್ಮ ಅಂಗಳದಲ್ಲೇ ಹಾಕಬೇಕು ಅಂದರು. ನನಗೆ ನಗು ಬಂತು. ಅವರ ಮುಖ ನೋಡಿ ನಗು ನಿಂತಿತು.

ಅವರಪ್ಪ ಹಳ್ಳಿಯಲ್ಲಿ ಮನೆ ಕಟ್ಟಿಸಿದಾಗ ಹೆಂಚು ಹೊದಿಸಿದ ದಿನ ಕೆಲಸದವರಿಗೆ ಸಿಹಿಯೂಟ ಹಾಕಿದ್ದರಂತೆ. ಹಾಕಿದ್ದು ಬೀದಿಯಲ್ಲಿ, ಚರಂಡಿಯ ಪಕ್ಕ. ಬಡಿಸುವವರು ಕೈ ಸೋಕದ ಹಾಗೆ ಮೇಲಿನಿಂದ ಎಲೆಗೆ ಹಾಕುತ್ತಾ ಹೋದರಂತೆ. ಕಲ್ಲು ಕೆಲಸದವನೊಬ್ಬ ಎಲೆ ಮುಂದೆ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದು, ಒಂದು ಅಗುಳನ್ನೂ ಮುಟ್ಟದೆ, ಎಲೆ ಮಡಿಸಿಟ್ಟು ಎದ್ದು ಹೋದನಂತೆ.

"ಅಪ್ಪ ನಕ್ಕುಬಿಟ್ರು, ಹೊಟ್ಟೆ ತುಂಬಿರಬೇಕು ಅಂತ. ನಾನು ಜಗಲಿ ಮೇಲಿದ್ದೆ ಕಣ್ರೀ. ಆ ಮಡಿಸಿದ ಎಲೆ ನನಗೆ ಇವತ್ತಿಗೂ ಕಾಣ್ತದೆ. ನನ್ನ ಮನೆಗೆ ಸೂರು ಹಾಕಿದೋರು ಯಾರೂ ಹಂಗೆ ಏಳಬಾರದು ಗೌಡ್ರೆ. ಅವರು ತಿನ್ನೋದನ್ನ, ನನ್ನ ಅಂಗಳದಲ್ಲಿ, ನನ್ನ ಕೈಯಿಂದ ಬಡಿಸಬೇಕು."

ಬಿಸಿಯೂಟದ ಸಾಲಿನಲ್ಲಿ ಅವರು ಏನನ್ನು ಹುಡುಕುತ್ತಾ ಬಗ್ಗಿ ನೋಡುತ್ತಿದ್ದರು ಎಂದು ನನಗೆ ಆಗ ಅರ್ಥವಾಯಿತು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಬಿಕ್ಕೋಡಿನ ಕಡೆಯ ನೇಮನಿಷ್ಠೆಯ ಮನೆತನದವರು, ಮಾತು ಕಡಿಮೆ. ವಿಷಯ ತಿಳಿದ ದಿನ ಅವರು ಜಗಳವಾಡಲಿಲ್ಲ. ನೀವು ಮಾಡಿ, ನಾನು ಬೇಡ ಅನ್ನುವುದಿಲ್ಲ, ಆದರೆ ಆವತ್ತು ನನ್ನ ಬಾಗಿಲು ಮುಚ್ಚಿರುತ್ತದೆ ಎಂದಷ್ಟೇ ಹೇಳಿದರಂತೆ. ಜಗಳವಾಡಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು. ಮುಚ್ಚುವ ಬಾಗಿಲನ್ನು ನೆನೆಸಿಕೊಂಡು ಅವರು ವಾರವೆಲ್ಲ ಕೊರಗಿದರು. ಮಠಕ್ಕೆ ಸುದ್ದಿ ಮುಟ್ಟಿದರೆ ಏನೆನ್ನುತ್ತಾರೋ, ತಮ್ಮನ ಮನೆಯವರು ಬರುವುದನ್ನು ನಿಲ್ಲಿಸುತ್ತಾರೋ ಏನೋ, ಮಾಂಸ ಸರಿಯಾಗಿ ಬೇಯದಿದ್ದರೆ ಯಾರಿಗಾದರೂ ಹೊಟ್ಟೆ ಕೆಟ್ಟರೆ! ಬೆಂದಿದೆಯೋ ಇಲ್ಲವೋ ತಿನ್ನದವನು ಹೇಗೆ ನೋಡುವುದು ಎಂದು ನನ್ನನ್ನು ಪೀಡಿಸಿದರು. ಅಡುಗೆಗೆ ಬಾಬು ಸಾಬರನ್ನು ಗೊತ್ತುಮಾಡಿದೆ. ಅವರ ಕೈಯಲ್ಲಿ ಬೇಯದ ಬಾಡಿಲ್ಲ ಎಂದು ಭರವಸೆ ಕೊಟ್ಟೆ.

ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿದರು, ಅಮಾವಾಸ್ಯೆ ತಪ್ಪಿಸಿದರು, ರಾಹುಕಾಲ ಬಿಟ್ಟರು. ನೀವು ತಿನ್ನುವವರು ಯಾವ ದಿನ ತಿನ್ನುವುದಿಲ್ಲ ಎಂದು ನನ್ನನ್ನು ಮರೆಯದೆ ಕೇಳಿದರು. ನಮ್ಮ ಮನೆಯಲ್ಲಿ ಸೋಮವಾರ ಮುಟ್ಟುವುದಿಲ್ಲ ಅಂದೆ. ಸೋಮವಾರ ಬೇಡವೇ ಬೇಡ ಎಂದು ಗುರುವಾರ ಇಟ್ಟುಕೊಂಡರು. ಬುಧವಾರ ಸಂಜೆಯಿಂದ ಮಳೆ ಹಿಡಿಯಿತು. ಕಂಬಿಯ ಮೇಲೆ ಟಾರ್ಪಾಲು ಹೊದಿಸಿ, ಅದು ಹಾರದಂತೆ ಇಟ್ಟಿಗೆ ಹೇರಿ, ಕೊಡೆ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದರು. ಎರಡು ದಿನ ಆಕಾಶ ನೋಡಿಯೇ ಅವರ ಕತ್ತು ಹಿಡಿದುಕೊಂಡಿತು. ಮೂರನೆಯ ದಿನ ಬಿಸಿಲು ಬಂತು. ಲಕ್ಕಮ್ಮನಿಗೆ ಫೋನು ಹೋಯಿತು, ಬಾಬು ಸಾಬರಿಗೆ ನಾನು ಹೇಳಿ ಬಂದೆ. ಮಳೆ ಬಿಟ್ಟ ಸಂಭ್ರಮದಲ್ಲಿ ಅದು ಯಾವ ವಾರ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಮಿಕ್ಸರ್ ಗಡಗಡ ಶುರುವಾದಾಗ ಅವರ ಎದೆಯೂ ಶುರುವಾಯಿತು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರುತ್ತಿದ್ದವು, ಲಕ್ಕಮ್ಮ ಕೆಳಗೆ ನಿಂತು ಕೂಗುತ್ತಿದ್ದಳು. ಇವರು ಏಣಿಯ ಬುಡ ಹಿಡಿದುಕೊಂಡು, ಹುಷಾರಮ್ಮ, ಹುಷಾರಪ್ಪ ಎಂದು ಹತ್ತುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಅಂಗಳದ ಇನ್ನೊಂದು ಮೂಲೆಯಲ್ಲಿ ಬಾಬು ಸಾಬರು ದೊಡ್ಡ ಪಾತ್ರೆಯಲ್ಲಿ ಸಾರಿಗಿಟ್ಟು, ಅದರ ಪಕ್ಕ ತೆಂಗಿನ ಚಿಪ್ಪಿನ ಕೆಂಡ ಹರಡಿ, ಮಿಕ್ಕ ಕಂಬಿಯ ಚೂರುಗಳನ್ನು ತೊಳೆದು ಅಡ್ಡಡ್ಡ ಜೋಡಿಸಿ, ಅದರ ಮೇಲೆ ಮಸಾಲೆ ಹಚ್ಚಿದ ತುಂಡುಗಳನ್ನು ಸುಡುತ್ತಿದ್ದರು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಏಳುತ್ತಿತ್ತು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಮೇಷ್ಟ್ರು ಮಾತ್ರ ಮುಚ್ಚಿದ ಬಾಗಿಲನ್ನೊಮ್ಮೆ, ಹೊಗೆ ಹೋಗುವ ದಿಕ್ಕನ್ನೊಮ್ಮೆ ನೋಡುತ್ತಿದ್ದರು. ಕಿಟಕಿಗಳೂ ಮುಚ್ಚಿದ್ದವು.

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ಮೋಲ್ಡ್ ಮುಗಿಯಿತು. ಒಂದು ಹನಿ ಮಳೆ ಬಿದ್ದಿರಲಿಲ್ಲ. ಯಾರಿಗೂ ಒಂದು ಗೀರು ಗಾಯವಾಗಿರಲಿಲ್ಲ. ಎಲ್ಲರೂ ಕೈಕಾಲು ತೊಳೆದು ಶಾಮಿಯಾನದ ಕೆಳಗೆ ಸಾಲಾಗಿ ಕೂತರು. ಬಾಳೆ ಎಲೆ, ಮುದ್ದೆ, ಅನ್ನ. ಮೇಷ್ಟ್ರು ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು ಸೌಟು ಹಿಡಿದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಬಗ್ಗಿ ಬಗ್ಗಿ ಎಲೆಗೆಲ್ಲ ಬಾಡಿನ ಸಾರು ಬಡಿಸಿದರು. ಸುಟ್ಟ ತುಂಡುಗಳನ್ನು ಒಂದೊಂದಾಗಿ ಇಟ್ಟರು. ಒಂದು ಎಲೆಗೂ ಮೇಲಿನಿಂದ ಹಾಕಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತು, "ಎಲ್ಲರಿಗೂ ಬಂತಲ್ಲ?" ಎಂದರು.

ಬಂತು ಅಂದರು. ಆದರೆ ಯಾರ ಕೈಯೂ ಎಲೆಗೆ ಇಳಿಯಲಿಲ್ಲ.

ಮುದ್ದೆಯ ಹಬೆ ಏಳುತ್ತಿತ್ತು. ಬೆಳಗಿನಿಂದ ಬಾಂಡ್ಲಿ ಹೊತ್ತ ಜನ, ಹೊಟ್ಟೆ ಬೆನ್ನಿಗೆ ಹತ್ತಿದ ಜನ, ತಲೆ ತಗ್ಗಿಸಿ ಕೂತಿದ್ದಾರೆ. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ. ನಾನು ಮೇಷ್ಟ್ರ ಮುಖ ನೋಡಿದೆ. ಅಂಥ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ಲಕ್ಕಮ್ಮನ ಕೈ ಎಲೆಯ ಅಂಚಿನ ಮೇಲಿತ್ತು. ಅವಳು ಈಗ ಅದನ್ನು ಮಡಿಸುತ್ತಾಳೆ ಎಂದು ಅವರು ಕಾಯುತ್ತಿದ್ದರು. ಅದು ನನಗೆ ಗೊತ್ತಿತ್ತು.

ಆಗ ಸಾಲಿನ ನಡುವೆ ಇದ್ದ ಒಬ್ಬ ಮುದುಕ ಮೆಲ್ಲಗೆ ಎರಡೂ ಕೆನ್ನೆ ಬಡಿದುಕೊಂಡು, "ಗೋವಿಂದ, ತಪ್ಪಾಯ್ತು ಕಣಪ್ಪ" ಎಂದು ಗೊಣಗಿದ. ಪಕ್ಕದವಳೂ ಕೆನ್ನೆ ಬಡಿದುಕೊಂಡಳು. ಆ ಗೋವಿಂದ ಎಂಬ ಮಾತು ಕಿವಿಗೆ ಬಿದ್ದಮೇಲೆಯೇ ನನ್ನ ತಲೆಗೆ ಹೊಕ್ಕಿದ್ದು. ಆವತ್ತು ಶನಿವಾರ. ಅವರ ಊರೆಲ್ಲ ಮಾಲೇಕಲ್ಲು ತಿರುಪತಿಯ ತಿಮ್ಮಪ್ಪನ ಒಕ್ಕಲು.

ನಾನು ಬಾಯಿ ಬಿಡುವಷ್ಟರಲ್ಲಿ ಲಕ್ಕಮ್ಮನೇ ಮಾತಾಡಿದಳು. ಸೆರಗಿನ ತುದಿಯ ಗಂಟನ್ನು ತೋರಿಸಿದಳು. ಅರಿಶಿನದ ಬಟ್ಟೆಯಲ್ಲಿ ಸುತ್ತಿದ ನಾಣ್ಯ ಅದರಲ್ಲಿತ್ತು.

"ಶನಿವಾರ ನಮ್ಮೂರೋರು ಯಾರೂ ಮುಟ್ಟಾಕಿಲ್ಲ ಮೇಷ್ಟ್ರೆ. ಬೆಳಿಗ್ಗೆ ವಾಸನೆ ಬಂದಾಗ್ಲೇ ಗೊತ್ತಾಯ್ತು. ನೀವು ನಮಗೋಸ್ಕರ ಮನೆ ಬಾಗ್ಲಲ್ಲಿ ಬಾಡು ಬೇಯ್ಸಿರೋವಾಗ ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ಎಲ್ಲಾರ ಹೆಸರಲ್ಲೂ ತಪ್ಪು ಕಾಣಿಕೆ ಕಟ್ಟಿವ್ನಿ, ದೇವ್ರು ಬುಡ್ತಾನೆ. ಉಣ್ತೀವಿ ಬುಡಿ."

ತಮ್ಮ ನೇಮ ಮುರಿದು ಬಡಿಸಿದ ಇವರು ಒಂದು ಕಡೆ, ಇವರ ಮನಸ್ಸು ಮುರಿಯಬಾರದೆಂದು ತಮ್ಮ ನೇಮ ಮುರಿಯಲು ಕೂತ ಅವರು ಇನ್ನೊಂದು ಕಡೆ. ನನ್ನ ಕಣ್ಣು ತುಂಬಿತು. ಮೇಷ್ಟ್ರ ಮುಖ ಮಾತ್ರ ನಿಧಾನವಾಗಿ ತಿಳಿಯಾಯಿತು. ಹಳೇಬೀಡಿನ ದಾರಿಯಲ್ಲಿ ಬಸ್ ತಿರುಗಿಸಿ ಅಂದ ಮುಖ ಅದು. ಸೌಟನ್ನು ಪಾತ್ರೆಗಿಟ್ಟು, ಟವೆಲಿನಲ್ಲಿ ಕೈ ಒರೆಸಿಕೊಂಡರು.

"ಬೇಡಮ್ಮ. ಕೈ ತೆಗೀರಿ. ಆದ್ರೆ ಯಾರೂ ಮನೆಗೆ ಹೋಗಬೇಡಿ, ಎಲೆ ಮಾತ್ರ ಬದಲಾಯಿಸ್ತೀನಿ."

ಸೀದಾ ಹೋಗಿ ಮುಚ್ಚಿದ ಬಾಗಿಲು ತಟ್ಟಿದರು. ಬಾಗಿಲು ಅರ್ಧ ತೆರೆಯಿತು. ಒಳಗೆ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ನನಗಂತೂ ಭಯ. ಅಕ್ಕನ ಬಾಯಲ್ಲಿ ಈಗ ಒಂದು ಮಾತು ಹೆಚ್ಚುಕಡಿಮೆಯಾದರೆ ಈ ಮನುಷ್ಯನ ಕಥೆ ಮುಗಿಯಿತು ಅಂದುಕೊಂಡೆ. ಅಕ್ಕ ಹೊಸಿಲಿಗೆ ಬಂದರು. ಮೂಗಿಗೆ ಸೆರಗು ಹಿಡಿದಿದ್ದರು. ಸಾಲನ್ನೂ, ಲಕ್ಕಮ್ಮನ ಸೆರಗಿನ ಗಂಟನ್ನೂ ನೋಡಿದರು. ನೇಮ ಅನ್ನುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಹೊರಗೆಲ್ಲ ಬಾಡಿನ ವಾಸನೆ. ಶನಿವಾರದೋರು ಅಲ್ಲಿ ಹೆಂಗೆ ಕೂರ್ತಾರೆ? ಒಳಗೆ ಕರ್ಕೊಂಡು ಬನ್ನಿ" ಎಂದು ಗಂಡನಿಗೆ ಹೇಳಿ ಬಾಗಿಲನ್ನು ಪೂರ್ತಿ ತೆರೆದರು.

ಗ್ಯಾಂಗಿನವರು ಒಳಗೆ ಬರಲು ಹಿಂಜರಿದರು. ಎಷ್ಟು ತೊಳೆದರೂ ಹಿಮ್ಮಡಿಗಳಿಗೆ ಸಿಮೆಂಟು ಮೆತ್ತಿದೆ ಎಂದರು. ಅಕ್ಕ ತಾವೇ ಚೊಂಬಿನಲ್ಲಿ ನೀರು ತಂದು ಬಾಗಿಲ ಬಳಿ ಇಟ್ಟರು. ಲಿಂಗಪೂಜೆ ನಡೆಯುವ ಆ ನಡುಮನೆಯಲ್ಲಿ, ದೇವರ ಕೋಣೆಗೆ ಎದುರಾಗಿ ಗ್ಯಾಂಗಿನವರೆಲ್ಲ ಕೂತರು. ನಮ್ಮ ಮನೆಯಿಂದ ನನ್ನ ಹೆಂಡತಿಯೂ ಬಂದು ಕೈ ಸೇರಿಸಿದಳು. ಅನ್ನ, ಬೇಳೆಸಾರು, ಮನೆಗೆ ಸೂರು ಬೀಳುವ ದಿನವೆಂದು ಅಕ್ಕ ಮೊದಲೇ ಮಾಡಿಟ್ಟಿದ್ದ ಪಾಯಸ. ಮೇಷ್ಟ್ರು ಮತ್ತೆ ಮೊದಲಿನಿಂದ ಬಗ್ಗಿ ಬಗ್ಗಿ ಬಡಿಸಿದರು, ಮತ್ತೆ ಕೊನೆಗೆ ಹೋಗಿ ನಿಂತು ಅದೇ ಮಾತು ಕೇಳಿದರು. ಈ ಸಲ ಕೈಗಳು ತಡಮಾಡಲಿಲ್ಲ. ನಾನೂ ಬಾಬು ಸಾಬರೂ ಮಿಕ್ಸರ್ ಡ್ರೈವರೂ ಹೊರಗೆ ಕೂತು ಸುಟ್ಟ ತುಂಡು ತಿಂದೆವು. ರುಚಿ ನೆನಪಿಲ್ಲ. ಒಳಗಿನ ಸದ್ದನ್ನೇ ಕೇಳುತ್ತಿದ್ದೆ.

ಆದರೆ ಬಾಡೂಟ ಹಾಕದೆ ಬಿಡುವವರೇ ಅವರು? ಸುಡದೆ ಉಳಿದ ಮಾಂಸ ನಮ್ಮ ಮನೆಯ ಫ್ರಿಜ್ಜಿಗೆ ಹೋಯಿತು. ಸಾರಿನ ಪಾತ್ರೆ ಮಾತ್ರ ಎಲ್ಲೂ ಹಿಡಿಸದೆ ಅಂಗಳದಲ್ಲೇ ಕೆಂಡದ ಮೇಲೆ ಉಳಿಯಿತು. ಮತ್ತೆ ಶುರುವಾಯಿತು ಅವರ ಒದ್ದಾಟ. ಸಾರು ಹಳಸಿದರೆ? ನಾಯಿ ಬಾಯಿ ಹಾಕಿದರೆ? ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವರು ಪಾತ್ರೆಯ ಪಕ್ಕ ಕುರ್ಚಿ ಹಾಕಿಕೊಂಡು, ಸ್ನಾನ ಪೂಜೆ ಮುಗಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಕೊಡೆ ಹಿಡಿದು ನಾಯಿ ಕಾಯುತ್ತಿದ್ದರು. ಈಗ ತಾನೇ ಬಂದೆ ಅಂದರು. ಒಳಗಿನಿಂದ ಅಕ್ಕ, ಸುಳ್ಳು ಅಂದರು.

ಲಗೇಜ್ ಆಟೋದಲ್ಲಿ ಪಾತ್ರೆ ಏರಿಸಿಕೊಂಡು ಬಾಬು ಸಾಬರ ಜೊತೆ ನಾವು ಲಕ್ಕಮ್ಮನ ಹಳ್ಳಿಗೆ ಹೋದೆವು. ಕಣಕಟ್ಟೆ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಪ್ರತಿ ಹಳ್ಳಕ್ಕೂ ಅವರು ಎರಡು ಕೈಯಲ್ಲಿ ಪಾತ್ರೆಯ ಮುಚ್ಚಳ ಅದುಮಿ ಹಿಡಿದು, ಚೆಲ್ಲಿತೇನೋ ಗೌಡ್ರೆ, ಚೆಲ್ಲಿತೇನೋ ಎಂದು ಕೇಳುತ್ತಲೇ ಇದ್ದರು. ಹಳ್ಳಿಯ ಜಗಲಿಯ ಮುಂದೆ ಮತ್ತೆ ಚಿಪ್ಪಿನ ಕೆಂಡ ಹರಡಿದರು, ಮತ್ತೆ ಹೊಗೆ ಎದ್ದಿತು. ಆವತ್ತು ಆ ಜನ ಉಂಡ ಊಟ ನೋಡಬೇಕಿತ್ತು. ಮುದುಕ ಮೂರನೆಯ ಸಲ ಸಾರು ಹಾಕಿಸಿಕೊಂಡು, ಒಂದು ರಾತ್ರಿ ಇಟ್ಟದ್ದಕ್ಕೇ ಸಾರಿಗೆ ರುಚಿ ಹತ್ತಿದೆ ಎಂದು ಮೇಷ್ಟ್ರಿಗೆ ಸಮಾಧಾನ ಹೇಳಿದ.

ಎಲ್ಲರದೂ ಮುಗಿದಮೇಲೆ ಲಕ್ಕಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ ಒಂದು ಎಲೆ ಹಾಕಿದಳು. ಅನ್ನ, ಅವರೆಕಾಳಿನ ಸಾರು.

"ಹೊಸ ಪಾತ್ರೇಲಿ ಮಾಡಿವ್ನಿ ಮೇಷ್ಟ್ರೆ. ಇನ್ನೂ ಏನೂ ಬೇಯ್ಸಿಲ್ಲ ಅದ್ರಲ್ಲಿ."

ಅವರು ಎಲೆ ನೋಡಿದರು, ಅವಳನ್ನು ನೋಡಿದರು. ಒಂದು ಅಗುಳನ್ನೂ ಬಿಡದೆ ಉಂಡರು. ವಾಪಸ್ ಬರುವಾಗ ಆಟೋದಲ್ಲಿ ಅವರು ಯಾವುದನ್ನೂ ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಚಿಲಕದ ಮಾತೆತ್ತದೆ ಅರಸೀಕೆರೆ ಮುಟ್ಟಿದ್ದು ಅದೊಂದೇ ಸಲ. ನನಗೇ ಇರಲಾರದೆ, ಹಾಕಿ ಬಂದಿದ್ದೀರಿ ತಾನೇ ಎಂದು ಕೇಳಿದೆ. ಹಾಕಿಲ್ಲದಿದ್ದರೂ ಏನಾಗುತ್ತದೆ ಬಿಡಿ ಅಂದರು. ಮಾರನೆಯ ದಿನದಿಂದ ಮತ್ತೆ ಹಳೆಯ ಮನುಷ್ಯರೇ ಆದರು. ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಅದು ಇಂಗಿತೇ ಸೋರಿತೇ ಎಂದು ಬೆಳಗಾದರೆ ನನ್ನನ್ನು ಕರೆಯುತ್ತಿದ್ದರು.

ಅವರು ತೀರಿಕೊಂಡಮೇಲೆ ಶಿವಗಣಾರಾಧನೆಯ ಊಟ ನಡೆದದ್ದು ಅದೇ ಮೇಲಿನ ಅಂತಸ್ತಿನಲ್ಲಿ, ಆ ತಾರಸಿಯ ಕೆಳಗೆ. ನಾನು ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದೆ. ಜನ ಹೆಚ್ಚು ಬಂದರೆ ಸಾಲುತ್ತದೋ ಇಲ್ಲವೋ, ಮಠದ ಅಯ್ಯನೋರು ಹೊತ್ತಿಗೆ ಬರುತ್ತಾರೋ ಇಲ್ಲವೋ! ಅವರ ಪಾಲಿನ ಆತಂಕವನ್ನೆಲ್ಲ ನನ್ನ ಹೆಸರಿಗೆ ಬರೆದು ಹೋಗಿದ್ದರೋ ಏನೋ. ಅಯ್ಯನೋರ ಪೂಜೆ, ಪ್ರಸಾದ ಮುಗಿಯಿತು. ಎರಡನೆಯ ಪಂಕ್ತಿಗೆ ಜಾವಗಲ್ಲಿನ ಹಳೆಯ ವಿದ್ಯಾರ್ಥಿಗಳು ಒಂದು ಗೋಡೆಗೆ ಕೂತರು. ಎದುರು ಗೋಡೆಗೆ ಲಕ್ಕಮ್ಮನ ಗ್ಯಾಂಗು. ಯಾರೂ ಫೋನ್ ಮಾಡಿರಲಿಲ್ಲ, ಹೇಗೋ ತಿಳಿದು ಬಂದಿದ್ದರು.

ಬಡಿಸಿದ್ದಾಯಿತು. ಕೊನೆಯ ಎಲೆಗೂ ತುಪ್ಪ ಬಿತ್ತು. ಯಾರೂ ಉಣ್ಣಲಿಲ್ಲ.

ಇವತ್ತು ಯಾವ ವಾರ? ಶನಿವಾರವಲ್ಲ, ಆಗಿದ್ದರೂ ಇದು ಬಾಡೂಟವಲ್ಲ. ಏನು ತಪ್ಪಾಯಿತು, ಏನು ಬಿಟ್ಟೆವು ಎಂದು ಎಲೆಗಳ ಮೇಲೆಲ್ಲ ಕಣ್ಣಾಡಿಸಿದೆ. ಉಪ್ಪಿತ್ತು, ಪಲ್ಯವಿತ್ತು, ಎಲ್ಲ ಇತ್ತು. ಲಕ್ಕಮ್ಮನ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಎದುರಿನ ಸಾಲಿನಲ್ಲಿ ಮೀಸೆ ಬಂದ ನಮ್ಮ ಹುಡುಗರ ಕೈಗಳೂ ಹಾಗೇ ನಿಂತಿದ್ದವು. ಎಲ್ಲರೂ ಸಾಲಿನ ಕೊನೆಯನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ.

ಆಗ ನನಗೆ ತಿಳಿಯಿತು. ಮೇಷ್ಟ್ರ ಮಾತನ್ನು ನಾನೇ ಕೇಳೋಣವೆಂದು ಹೊರಟವನು, ನಿಂತು ಅಕ್ಕನ ಕಡೆ ತಿರುಗಿ ನೋಡಿದೆ.

ಮೆಟ್ಟಿಲ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದ ಅಕ್ಕ ಮೆಲ್ಲಗೆ ಹೊರಟರು. ಸಾಲಿನ ಈ ತುದಿಯಿಂದ ಆ ತುದಿಗೆ, ಪ್ರತಿ ಎಲೆಯನ್ನೂ ಬಗ್ಗಿ ನೋಡುತ್ತಾ ನಡೆದರು. ಕೊನೆಗೆ ಹೋಗಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಎಲ್ಲರಿಗೂ ಬಂತಲ್ಲ?"

"ಬಂತು ಕಣ್ರವ್ವ" ಎಂದು ಲಕ್ಕಮ್ಮ ಅನ್ನಕ್ಕೆ ಕೈಯಿಟ್ಟಳು.